ಕಾಲ ಮೇಲಿನ ಕೂಸು

ಮೊಮ್ಮಗಳು ಹುಟ್ಟಿದಳೆಂದು ಮಗ ಫೋನು ಮಾಡಿದಾಗ ನಾನು ಹಡಗಲಿ ಹತ್ತಿರದ ನಮ್ಮೂರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದೆ. "ಯವ್ವಾ, ಹೆಣ್ಣು ಕೂಸು. ಇಬ್ರೂ ಆರಾಮ ಅದಾರ" ಎಂದ. ತಟ್ಟನೆ ತಿರುಗಿದ ರಭಸಕ್ಕೆ ಉಡಿಯಲ್ಲಿದ್ದ ಮೊಗ್ಗೆಲ್ಲ ನೆಲಕ್ಕೆ ಬಿತ್ತು. ಮಣ್ಣು ಹತ್ತಿದ ಮೊಗ್ಗನ್ನು ಯಾರೂ ಕೊಳ್ಳುವುದಿಲ್ಲ. ಬಿದ್ದದ್ದು ಬಿದ್ದಿರಲಿ ಎಂದು ಹಾಗೇ ಬಿಟ್ಟು ಮನೆಯ ಕಡೆ ನಡೆದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಸಿಗದವರ ಬಾಗಿಲಿಗೆ ಹೋಗಿ ಹೇಳಿದೆ. ಮಾತು ಬಿಟ್ಟು ವರ್ಷಗಳಾಗಿದ್ದ ಓರಗಿತ್ತಿಯ ಕೈಗೂ ಬೆಲ್ಲ ಕೊಟ್ಟೆ. ಅವಳು ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ "ನಿನ್ನ ಕೂಡ ಮಾತ ಬಿಟ್ಟೀನಿ, ಗೊತ್ತಿಲ್ಲೇನು?" ಎಂದಳು. ನಾನು ನಕ್ಕುಬಿಟ್ಟೆ. ಅವಳಿಗೂ ನಗು ಬಂತು. ಅಂಥ ದಿನ ಅದು.

ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ಸೊಸೆಯ ತವರು ತಂಬ್ರಹಳ್ಳಿ. ಹಾಗಾಗಿ ಕೂಸು ಅಲ್ಲೇ ಇತ್ತು. ಪುರುಡು ಕಳೆದ ಮೇಲೆ ನಾನೂ ನಮ್ಮ ಮನೆಯವರೂ ಕುಂಚಿಗೆ, ಕೌದಿ, ಬಾಣಂತಿಗೆ ಕೊಬ್ಬರಿ ಎಲ್ಲ ಕಟ್ಟಿಕೊಂಡು ಹೋದೆವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಹೆಂಗಸಿಗೂ ಆ ಕೌದಿ ಬಿಚ್ಚಿ ತೋರಿಸಿದೆ. ನಮ್ಮ ಅತ್ತೆಯ ಹಳೆ ಸೀರೆ, ನನ್ನ ಧಾರೆ ಸೀರೆಯ ಅಂಚು, ಮಗನ ಸಣ್ಣಂದಿನ ಅಂಗಿ ಎಲ್ಲ ಸೇರಿಸಿ ಹೊಲಿದಿದ್ದೆ. ಮನೆಯವರು ಕಿಟಕಿಯ ಕಡೆ ಮುಖ ತಿರುಗಿಸಿ ನನ್ನ ಪರಿಚಯವೇ ಇಲ್ಲದವರಂತೆ ಕೂತಿದ್ದರು.

ನಾವು ಹೋದದ್ದು ಕೂಸಿಗೆ ಎರೆಯುವ ಹೊತ್ತಿಗೆ. ಬೀಗತಿ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಸೀರೆ ಮೊಣಕಾಲಿನವರೆಗೆ ಸರಿಸಿ, ಎರಡು ಕಾಲು ಜೋಡಿಸಿ, ಅದರ ಮೇಲೆ ನನ್ನ ಮೊಮ್ಮಗಳನ್ನು ಬೋರಲು ಹಾಕಿಕೊಂಡಿದ್ದಳು. ಎಡಗೈ ಕೂಸಿನ ಎದೆಯ ಕೆಳಗೆ, ಬಲಗೈಯಲ್ಲಿ ಚರಿಗೆ. ಹರಳೆಣ್ಣೆ ಹಚ್ಚಿದ ಮೈ ಹೊಗೆಯಾಡುವ ನೀರಿನಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಕೂಸಿನ ಅಳು ಇಲ್ಲ, ಕೊಸರಾಟವಿಲ್ಲ. ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ, ಹಾಯಾಗಿ ಬಿದ್ದುಕೊಂಡಿತ್ತು. ಬೀಗತಿಯ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರಲಿಲ್ಲ.

"ಯಾರ್ ಬಂದ್ರವ್ವಾ? ನೀರ್ ಬಂತು. ನೀರ್ ಯಾರಂತ? ಹಳ್ಳದ ಮಗಳಂತ. ಎಲ್ಲಿಗ್ ಹೊಂಟಾಳಂತ? ನನ್ ಬಂಗಾರದ ಬೆನ್ ನೋಡಾಕ ಹೊಂಟಾಳಂತ. ಬೆನ್ನಾತು, ಹೊಟ್ಟಿ ಎಲ್ಲೈತಿ? ಹೊಟ್ಟಿ ಸಂತಿಗೆ ಹೋಗೈತಿ. ಕರೀರಿ ಅದನ್ನ, ಕರೀರಿ."

ಅರ್ಥವಿಲ್ಲ, ತಲೆಬುಡವಿಲ್ಲ. ಇವಳ ಬಾಯಿಗೆ ಬಿಡುವೇ ಇಲ್ಲವಲ್ಲ ಎಂದುಕೊಂಡೆ. ನಮ್ಮನ್ನು ಕಂಡು, "ಬರ್ರಿ ಬೀಗತೇರ, ಬರ್ರಿ, ಕುಂದ್ರರಿ. ನಿಮ್ಮ ಮಮ್ಮಗಳು ಜಳಕ ಮಾಡಾಕ ಹತ್ಯಾಳ" ಎಂದು ನಕ್ಕಳು. ಬಾಯಲ್ಲಿ ನಿಮ್ಮ ಮಮ್ಮಗಳು ಎಂದಳು. ಕಾಲು ಮಾತ್ರ ನನ್ನ ಮಮ್ಮಗಳು ಎನ್ನುತ್ತಿತ್ತು.

ಅಲ್ಲಿ ಹತ್ತಿತು ನೋಡಿ ಕಿಚ್ಚು. ಸಂತೋಷದಿಂದ ಎದೆ ಒಡೆದು ಹೋಗುವಂತಿದ್ದವಳಿಗೆ, ಅದೇ ಎದೆಯಲ್ಲಿ, ಅದೇ ಹೊತ್ತಿಗೆ ಹೊಟ್ಟೆಕಿಚ್ಚು ಹೇಗೆ ಬರುತ್ತದೆ ಎಂದು ನನಗೆ ಇವತ್ತಿಗೂ ತಿಳಿಯದು. ಕೂಸು ಚೆನ್ನಾಗಿದೆ, ಬಾಣಂತಿ ಚೆನ್ನಾಗಿದ್ದಾಳೆ, ಬೀಗತಿ ಒಳ್ಳೆಯವಳು. ಇಷ್ಟಿದ್ದರೂ ನನ್ನ ಕಣ್ಣು ಅವಳ ಆ ಎರಡು ಕಾಲಿನ ಮೇಲೇ ನೆಟ್ಟಿತ್ತು.

"ನಾಳಿಗೆ ನೀವ ಎರೀರಿ ಬೀಗತೇರ" ಎಂದಳು ಅವಳು, ಕೂಸನ್ನು ಬಟ್ಟೆಯಲ್ಲಿ ಸುತ್ತುತ್ತ.

"ನಾವು ಸಂಜಿ ಬಸ್ಸಿಗೆ ಹೋಗಬೇಕ್ರಿ" ಎಂದೆ.

ಉಳಿಯಲೆಂದೇ ಹೋಗಿದ್ದೆವು. ಮನೆಯವರು ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ನನಗೆ ಕೂಸಿಗೆ ಎರೆಯಲು ಬರುತ್ತಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಎರಡು ಮಕ್ಕಳನ್ನು ಹೆತ್ತವಳಿಗೆ ಎರೆಯಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನನ್ನ ತವರು ಹರಪನಹಳ್ಳಿ ಕಡೆ, ಅರಸೀಕೆರೆ. ಮಗ ಅಲ್ಲಿ ಹುಟ್ಟಿದ. ಬಾಣಂತನದಲ್ಲಿ ನನ್ನವ್ವ ಎರೆದಳು. ಐದನೇ ತಿಂಗಳಿಗೆ ಗಂಡನ ಮನೆಗೆ ಬಂದೆ. ಇಲ್ಲಿ ಅತ್ತೆ ಎರೆದರು. ಎರೆಯುವ ಹೊತ್ತು ಬೆಳಿಗ್ಗೆ, ಮೊಗ್ಗು ಬಿಡಿಸುವ ಹೊತ್ತೂ ಬೆಳಿಗ್ಗೆ. ಬಿಸಿಲೇರುವ ಮುಂಚೆ ಮೊಗ್ಗು ಬುಟ್ಟಿಗೆ ಬೀಳಬೇಕು. ನಾನು ಮನೆಗೆ ಬರುವಷ್ಟರಲ್ಲಿ ಮಗನಿಗೆ ನೀರು ಹಾಕಿ, ಲೋಬಾನದ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿ ಆಗಿರುತ್ತಿತ್ತು. ಮಗಳು ಹುಟ್ಟಿದಾಗಲೂ ಹೀಗೇ.

ಒಂದು ದಿನ ಅತ್ತೆ ತಾವಾಗಿಯೇ ಹೇಳಿದ್ದರು: "ನನಗ ಕಾಲು ಹಿಡೀತಾವು. ನೀನು ಕೂಸಿನ ಕೂಡ ಮನ್ಯಾಗಿರು. ತೋಟಕ್ಕ ನಾ ಹೋಕ್ಕೀನಿ. ಅಲ್ಲಿ ನಿಂತು ಮಾಡೋ ಕೆಲಸ, ಕುಂತು ಎದ್ದು ಮಾಡೋದಲ್ಲ."

ನಾನೇ ಒಲ್ಲೆ ಎಂದೆ. ಯಾರೂ ನನ್ನನ್ನು ತೋಟಕ್ಕೆ ತಳ್ಳಲಿಲ್ಲ. ನನಗೆ ತೋಟ ಬೇಕಾಗಿತ್ತು. ಮನೆಯಲ್ಲಿ ಎದ್ದರೆ ಕೂತರೆ ಹೇಳುವವರು, ಕೇಳುವವರು. ತೋಟದಲ್ಲಿ ಬೆಳಗಿನ ತಂಪು, ಸಾಲು ಸಾಲು ಗಿಡ, ಆ ವಾಸನೆ. ನಮ್ಮ ತೋಟದಲ್ಲಿ ಒಂದು ಕಟ್ಟಳೆಯಿತ್ತು. ಸೂರ್ಯ ಮೇಲೇರುವ ತನಕ ಯಾರೂ ಮಾತಾಡಬಾರದು. ಮಾತಿಗೆ ಬಿದ್ದರೆ ಕೈ ನಿಲ್ಲುತ್ತದೆ, ನಾಳೆಯ ಎಳೆ ಮೊಗ್ಗನ್ನು ಇವತ್ತೇ ಕಿತ್ತು ಹಾಕುತ್ತೀರಿ ಎಂದು ಹಿರಿಯ ಹೆಂಗಸರು ಬೈಯುತ್ತಿದ್ದರು. ಹೆಂಗಸರೆಲ್ಲ ಸೇರಿ ಸುಮ್ಮನಿರುವ ಜಾಗ ಬೇರೆ ಎಲ್ಲಿದೆ ಹೇಳಿ. ಆ ಸುಮ್ಮನಿರುವಿಕೆ ನನಗೆ ರುಚಿ ಹತ್ತಿತ್ತು. ದೇವರ ಮುಂದೆ ಕೂತರೂ ನನಗೆ ಅಷ್ಟು ಸಮಾಧಾನ ಆಗಿದ್ದಿಲ್ಲ. ಬದುಕಿಗೆ ಅರ್ಥ ಏನು ಎಂದು ಓದಿದವರು ಕೇಳುತ್ತಾರಲ್ಲ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಆಗ ಕೇಳಿದ್ದರೆ ಮೊಗ್ಗಿನ ಬುಟ್ಟಿ ತೋರಿಸುತ್ತಿದ್ದೆ.

ಅದಕ್ಕೆ ಈಗಲೂ ನನಗೆ ಬೇಜಾರಿಲ್ಲ. ಆದರೆ ಒಂದನ್ನು ಆರಿಸಿಕೊಂಡವರಿಗೆ ಬಿಟ್ಟದ್ದು ಯಾವಾಗಲೋ ಒಮ್ಮೆ ಎದುರಿಗೆ ಬಂದು ಕೂಡುತ್ತದೆ. ನನಗೆ ಅದು ತಂಬ್ರಹಳ್ಳಿಯ ಬಚ್ಚಲಲ್ಲಿ, ಬೀಗತಿಯ ಕಾಲ ಮೇಲೆ, ಅರ್ಧ ಕಣ್ಣು ಮುಚ್ಚಿಕೊಂಡು ಮಲಗಿತ್ತು.

ಊರಿಗೆ ಬಂದ ಮೇಲೆ ಫೋನಿನಲ್ಲಿ ವಿಡಿಯೋ. ಸೊಸೆ ದಿನಾ ತೋರಿಸುತ್ತಿದ್ದಳು. "ನೋಡ್ರಿ ಅತ್ತಿ, ನಗಾಕತ್ಯಾಳ." ನೋಡಿದರೆ ಕೂಸಿನ ಮುಖ ಒಂದು ಚೂರು, ಉಳಿದದ್ದೆಲ್ಲ ಹಸಿರು ಬಳೆ ತೊಟ್ಟ ಒಂದು ಕೈ. ಆ ಕೈ ಕೂಸಿನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸುತ್ತಿತ್ತು. ಕೂಸು ನನ್ನನ್ನು ನೋಡದೆ ಕೈಯ ಒಡತಿಯನ್ನು ನೋಡುತ್ತಿತ್ತು. ನಾನು ಫೋನಿಗೆ ಮುತ್ತು ಕೊಡುತ್ತಿದ್ದೆ. ಫೋನು ಇಟ್ಟ ಮೇಲೆ ಬಾಗಿಲು ಬಡಿಯುತ್ತಿದ್ದೆ, ಪಾತ್ರೆ ಕುಕ್ಕುತ್ತಿದ್ದೆ.

"ಬೀಗತಿ ಕೈ ಮುರೀಲಿ ಅಂತ ಹರಕಿ ಹೊತ್ತೀ ಏನ?" ಎಂದರು ಮನೆಯವರು.

"ಅಕಿ ಕೈ ಯಾಕ ಮುರೀಬೇಕು? ಸ್ವಲ್ಪ ದಿನ ಉಳುಕಿದ್ರ ಸಾಕು."

ಅವರು ನಕ್ಕರು. ನಾನು ನಗಲಿಲ್ಲ.

ಐದನೇ ತಿಂಗಳಿಗೆ ಕೂಸನ್ನೂ ಸೊಸೆಯನ್ನೂ ಕರೆದುಕೊಂಡು ಬರಬೇಕು. ಮಗನಿಗೆ ಕೊಟ್ಟೂರಿನಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಸೊಸೆ ಕೂಡ್ಲಿಗಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ರಜೆ ಮುಗಿದರೆ ಬೆಳಿಗ್ಗೆ ಬಸ್ಸು ಹತ್ತುತ್ತಾಳೆ. ಆಗ ಕೂಸು ನನ್ನದೇ. ನಾವಿಬ್ಬರೂ ಕೊಟ್ಟೂರಿಗೆ ಹೋಗಿ ಇರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ನಾನು ಎರೆಯುವುದನ್ನು ಕಲಿಯಬೇಕು. ಯಾರನ್ನು ಕೇಳುವುದು? ಈ ವಯಸ್ಸಿನಲ್ಲಿ ಕೇಳಿದರೆ ಊರು ನಗುತ್ತದೆ.

ಹಿತ್ತಲಲ್ಲಿ ಒಂದು ಕುಂಬಳಕಾಯಿ ಬಲಿತಿತ್ತು. ಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ಅದನ್ನು ಬಚ್ಚಲಿಗೆ ತಂದೆ. ಕಾಲು ಚಾಚಿ ಕೂತೆ. ಎಣ್ಣೆ ಹಚ್ಚಿದೆ. ಜಾರುತ್ತದೆ. ಎಡಗೈ ಕೆಳಗೆ ಕೊಟ್ಟು, ಬಲಗೈಯಲ್ಲಿ ನೀರು ಹಾಕಿದೆ. ತಿರುಗಿಸಿದೆ, ಕಡಲೆಹಿಟ್ಟು ತಿಕ್ಕಿದೆ. ಕೈ ಪಳಗುತ್ತ ಬಂತು. ಮೂಗು ಎಲ್ಲಿ, ಬಾಯಿ ಎಲ್ಲಿ ಎಂದು ಗುರುತಿಗೆ ಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದೆ. ಮೂಗಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಹಿಡಿಯುವುದು ಕಲಿತೆ.

ಒಂದು ಬೆಳಿಗ್ಗೆ ಮನೆಯವರು ಮರೆತ ಕುಡುಗೋಲಿಗೆ ವಾಪಸು ಬಂದರು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದರು.

"ಏನ ಇದು?"

"ಕುಂಬಳಕಾಯಿ."

"ಅದು ನನಗೂ ಕಾಣ್ತೈತಿ. ಅದಕ್ಕ ಜಳಕ ಯಾಕ?"

"ಮಣ್ಣಾಗಿತ್ತು."

"ಹರಳೆಣ್ಣಿ ಹಚ್ಚಿ ತೊಳಿಯೋವಷ್ಟು ಮಣ್ಣಾಗಿತ್ತೇನು?" ಎಂದರು. ಆಮೇಲೆ, "ನೆತ್ತಿ ಸರಿಯಾಗಿ ತಟ್ಟು. ಥಂಡಿ ಆದೀತು" ಎಂದು ಕುಡುಗೋಲು ತೆಗೆದುಕೊಂಡು ಹೋದರು. ಆ ಕಾಯಿಯನ್ನು ಸಾರಿಗೆ ಹೆಚ್ಚಲು ನನಗೆ ಮನಸ್ಸು ಬರಲಿಲ್ಲ. ಓರಗಿತ್ತಿಗೆ ಕೊಟ್ಟೆ.

ಕರೆತರುವ ದಿನ ತಂಬ್ರಹಳ್ಳಿಯಲ್ಲಿ ನಾನೇ ಕೇಳಿದೆ. "ಇವತ್ತ ನಾ ಎರಿತೀನಿ ಬೀಗತೇರ." ಅವಳ ಮನೆಯ ಬಚ್ಚಲಲ್ಲೇ, ಅವಳ ಕಣ್ಣೆದುರಿಗೇ ಆಗಬೇಕು ಎಂಬುದು ನನ್ನ ಹಟ. ಅವಳು ಕೂಸನ್ನು ನನ್ನ ಕಾಲ ಮೇಲೆ ಇಟ್ಟು ಹೊಸ್ತಿಲ ಹೊರಗೆ ಕೂತಳು.

ಕೈ ತಪ್ಪಲಿಲ್ಲ. ಎಲ್ಲವೂ ಕಲಿತ ಹಾಗೇ ಆಯಿತು. ಆದರೆ ಕೂಸು ಕಾಲು ಮುಟ್ಟಿದ ಗಳಿಗೆಯಿಂದ ಕಿರುಚಲು ಶುರು ಮಾಡಿದ್ದು ನಿಲ್ಲಿಸಲಿಲ್ಲ. ಕಾಯಿಗೆ ಬಾಯಿ ಇರಲಿಲ್ಲವಲ್ಲ. ನಾನು ಹಲ್ಲು ಕಚ್ಚಿ, ತುಟಿ ಬಿಗಿದು, ಮೊಗ್ಗು ಬಿಡಿಸುವಷ್ಟೇ ಹಗುರಾಗಿ ಎರೆದೆ. ಕೂಸು ಕತ್ತು ಎತ್ತಿ ಎತ್ತಿ ಬಾಗಿಲ ಕಡೆ ನೋಡುತ್ತಿತ್ತು. ಬೀಗತಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಒಂದು ಮಾತು ಆಡಲಿಲ್ಲ. ಅವಳು ಬೇಕೆಂದೇ ಸುಮ್ಮನಿದ್ದಾಳೆ, ಒಳಗೊಳಗೆ ಹಿಗ್ಗುತ್ತಿದ್ದಾಳೆ ಎಂದು ನನಗೆ ಅನಿಸಿತು.

ಕೊಟ್ಟೂರಿಗೆ ಬಂದರೂ ಅದೇ ಕಥೆ. ಹಗಲೆಲ್ಲ ನನ್ನ ಹೆಗಲ ಮೇಲೆ ನಗುನಗುತ್ತ ಇರುವ ಕೂಸು ಬಚ್ಚಲಿಗೆ ಹೋದ ಕೂಡಲೇ ಬೇರೆಯಾಗುತ್ತಿತ್ತು. ಅತ್ತು ಅತ್ತು ನೀಲಿಗಟ್ಟುತ್ತಿತ್ತು. ನೀರು ಹಾಕಿದ ಮೇಲೆ ಹಾಲು ಕುಡಿಯುತ್ತಿರಲಿಲ್ಲ, ಮಲಗುತ್ತಿರಲಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನಾತ್ರಿ ಕೂಸಿಗೆ?" ಎಂದು ಕೇಳುವಂತಾಯಿತು. ಮನೆಯವರು ಬಾಗಿಲ ಹೊರಗೆ ನಿಂತು, "ನೀರು ಬಿಸಿ ಆಗೈತೇನ ನೋಡು" ಎನ್ನುವರು. ಮರುದಿನ, "ನೀರು ಆರೈತೇನ ನೋಡು" ಎನ್ನುವರು.

ಸೊಸೆಯ ರಜೆ ಮುಗಿಯುತ್ತ ಬಂತು. ಒಂದು ಸಂಜೆ ಅವಳು ಕೂಸಿನ ತಲೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅತ್ತಿ, ಸಿಟ್ಟಾಗಬ್ಯಾಡ್ರಿ. ಒಂದ್ ವರ್ಷ ತುಂಬೋತನ ಕೂಸು ಅವ್ವನ ಹಂತ್ಯಾಕ ಇರ್ಲೇನು? ನಾ ಶನಿವಾರಕ್ಕೊಮ್ಮೆ ಹೋಗಿ ಬರ್ತೀನಿ. ನಿಮಗೂ ತ್ರಾಸ ಆಗಾಕತ್ತೈತಿ."

"ನನಗೇನ್ ತ್ರಾಸ ಇಲ್ಲವ್ವ."

"ಕೂಸಿಗೆ ಐತಲ್ರಿ" ಎಂದಳು. ಮೆಲ್ಲಗೆ ಎಂದಳು, ಚುಚ್ಚಿ ಎನ್ನಲಿಲ್ಲ. ಚುಚ್ಚಿದ್ದರೆ ಜಗಳವಾದರೂ ಆಡಬಹುದಿತ್ತು.

"ಒಂದ್ ವಾರ ಕೊಡವ್ವ" ಎಂದೆ. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ನಾನು ಎಂದೂ ಎರೆದವಳಲ್ಲ ಎಂಬುದು ಅವನಿಗೆ ನೆನಪಿರಲು ಸಾಧ್ಯವಿಲ್ಲ. ಆದರೂ ಆ ಹೊತ್ತಿಗೆ ಅವನು ಅದನ್ನೇ ನೆನೆಯುತ್ತಿದ್ದಾನೆ ಎನಿಸಿತು.

ಆ ವಾರದ ನಡುವೆ ಬೀಗತಿ ಬಂದಳು. ಹಗರಿಬೊಮ್ಮನಹಳ್ಳಿಗೆ ಯಾವುದೋ ಕೆಲಸಕ್ಕೆ ಬಂದಿದ್ದಳಂತೆ, ಹಾಗೇ ಇತ್ತ ಬಂದಳಂತೆ. ಕೈಯಲ್ಲಿ ಜೋಳದ ಹಪ್ಪಳದ ಗಂಟು, ಎರಡು ದಿನಕ್ಕಾಗುವಷ್ಟು ಸೀರೆ. ಕೂಸು ಅವಳನ್ನು ಕಂಡದ್ದೇ ನನ್ನ ಹೆಗಲಿನಿಂದ ಜಿಗಿದೇ ಬಿಟ್ಟಿತು. ನನ್ನ ಬಟ್ಟೆಯ ಮೇಲೆ ಅದರ ಜೊಲ್ಲು ಇನ್ನೂ ಬೆಚ್ಚಗಿತ್ತು.

ಬೆಳಿಗ್ಗೆ ಅವಳು ಎರೆಯಲು ಕೂತಳು. "ನೀರು ನಾ ಹಾಕ್ತೀನಿ" ಎಂದು ಚರಿಗೆ ಹಿಡಿದು ಪಕ್ಕದಲ್ಲಿ ಕೂತೆ. ಅವಳ ಕೈಯ ಗುಟ್ಟು ಹಿಡಿಯಲೇಬೇಕಿತ್ತು. ಕಣ್ಣು ಪಿಳುಕಿಸದೆ ನೋಡಿದೆ. ಕೈಯಲ್ಲಿ ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳದು ನನ್ನದಕ್ಕಿಂತ ಒರಟು ಕೈ. ಗಸಗಸ ತಿಕ್ಕುತ್ತಾಳೆ, ಕಿವಿಗೆ ನೀರು ಹೋಗುತ್ತದೆ, ಕಾಲು ಹಿಡಿದು ಎಳೆಯುತ್ತಾಳೆ. ಕೂಸಿಗೆ ಅದರ ಪರಿವೆಯೇ ಇಲ್ಲ. "ಯಾರ್ ಬಂದ್ರವ್ವಾ? ನೀರ್ ಬಂತು..." ಎಂದು ಅವಳು ಶುರು ಮಾಡಿದಳು. ಕೂಸು ಕಿವಿ ಕೊಟ್ಟು ಮಲಗಿತು. ನಡುವೆ ಅವಳಿಗೆ ಕೆಮ್ಮು ಬಂದು ಮಾತು ನಿಂತಿತು. ಕೂಸಿನ ತುಟಿ ಸೊಟ್ಟಗಾಯಿತು, ಅಳುವಿಗೆ ತಯಾರಾಯಿತು. "ಹೊಟ್ಟಿ ಎಲ್ಲೈತಿ?" ಎಂದಳು. ತುಟಿ ನೆಟ್ಟಗಾಯಿತು.

ನನ್ನ ಕೈಯ ಚರಿಗೆ ಹಾಗೇ ನಿಂತಿತು. ಐದು ತಿಂಗಳು ನಾನು ಹೊಟ್ಟೆ ಉರಿದುಕೊಂಡದ್ದು ತಪ್ಪು ಜಾಗಕ್ಕೆ. ಕಾಲು ನೋಡಿದೆ, ಕೈ ನೋಡಿದೆ, ಬಳೆ ನೋಡಿದೆ. ಯಾವ ಮಾತನ್ನು ಅರ್ಥವಿಲ್ಲ ಎಂದು ಬಿಟ್ಟಿದ್ದೆನೋ ಕೂಸು ಅದರಲ್ಲೇ ಮಲಗಿತ್ತು. ತೋಟದಲ್ಲಿ ತುಟಿ ಬಿಗಿದು ಕೆಲಸ ಮಾಡಿ ಮಾಡಿ ನನಗೆ ಕೆಲಸ ಎಂದರೆ ಬಾಯಿ ಮುಚ್ಚುವುದೇ ಆಗಿತ್ತು. ನನ್ನ ಮುತ್ತಿನಂಥ ಮೌನ ಆ ಎಳೆ ಕೂಸಿಗೆ ಭಯ ಹುಟ್ಟಿಸಿರಬೇಕು.

ಬೀಗತಿಯನ್ನು ಬಸ್ಸು ಹತ್ತಿಸಲು ಹೋದಾಗ ಅವಳು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿರುವುದನ್ನು ನೋಡಿದ್ದು ಅದು ಎರಡನೇ ಸಲ.

"ಬೀಗತೇರ, ಒಂದ್ ಮಾತು ಹೇಳ್ತೀನಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರೀತೈತ್ರಿ."

"ನನ್ನ ನೋಡಿ?"

"ಮತ್ತ? ನೀವು ಹೊತ್ತು ಹುಟ್ಟೋದ್ರಾಗ ಅಕಿ ಮಕಾ ನೋಡ್ತೀರಿ. ನಮ್ಮ ಮನ್ಯಾಗ ಈಗ ಹಂಡೇದಾಗಿನ ನೀರು ಕಾದು ಕಾದು ಆರ್ತೈತ್ರಿ, ಹಾಕಿಸ್ಕೊಳ್ಳೋರು ಇಲ್ಲ. ಅವತ್ತ ನೀವು ನಮ್ಮ ಬಚ್ಚಲದಾಗ ಕುಂತಾಗ ಕೂಸು ಅತ್ತಿತಲ್ರಿ. ನಾನು ಒಂದ್ ಮಾತಾಡಿದ್ರ ಸುಮ್ಮನಾಗ್ತಿತ್ತು. ಗೊತ್ತಿದ್ದೂ ಆಡಲಿಲ್ಲ. ಅಳ್ಲಿ ಅನ್ನಿಸ್ತು. ನನ್ನ ನೆನಪಿಗೆ ಒಂದೀಟು ಅಳ್ಲಿ ಅನ್ನಿಸ್ತು."

ಅವಳು ಹಾಗೆ ಬಿಚ್ಚಿ ಹೇಳಿದ್ದಕ್ಕೆ ನನ್ನ ಕಿಚ್ಚು ತಣ್ಣಗಾಗಬೇಕಿತ್ತು. ಆಗಲಿಲ್ಲ. ಅವಳ ನೆನಪಿಗೆ ಅಳುವ ಕೂಸೊಂದು ಅವಳಿಗಿದೆಯಲ್ಲ ಎಂದು ಇನ್ನಷ್ಟು ಉರಿಯಿತು. ಆದರೂ ಅವಳ ಪಕ್ಕದಲ್ಲಿ ಹತ್ತಿರ ಸರಿದು ಕೂತೆ. ಮುಡಿಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಅರ್ಧ ಹರಿದು ಅವಳಿಗೆ ಮುಡಿಸಿದೆ. ಇಬ್ಬರಿಗೂ ಸಾಕಷ್ಟು ಇದ್ದಾಗಲೂ ನಾವು ಮನುಷ್ಯರು ಯಾಕೆ ಹೀಗೆ ಪಕ್ಕದವರ ಮಡಿಲು ನೋಡುತ್ತೇವೋ ತಿಳಿಯದು. ಸಂತೋಷ ಬಹಳ ಆದಾಗ ಅದು ನನ್ನೊಬ್ಬಳದೇ ಆಗಿರಲಿ ಎನ್ನುವ ಆಸೆಯೂ ಅದರ ಕಾಲಿಗೆ ಕಟ್ಟಿಕೊಂಡೇ ಬರುತ್ತದೆ ಅಂತ ಕಾಣುತ್ತದೆ. ಬಸ್ಸು ಬಂತು. ಅವಳು ಕಿಟಕಿಯಿಂದ, "ನೀರು ಬಿಸಿ ಇರ್ಲಿ" ಎಂದಳು. ಅಷ್ಟೇ ಎಂದಳು.

ಮರುದಿನ ಬೆಳಿಗ್ಗೆ ಸೊಸೆ ಮೊದಲ ಸಲ ಬಸ್ಸಿಗೆ ಹೊರಡುವವಳಿದ್ದಳು. ಕನ್ನಡಿಯ ಮುಂದೆ ತಲೆ ಬಾಚುತ್ತ ಬಚ್ಚಲ ಕಡೆಗೇ ಕಿವಿ ಇಟ್ಟಿದ್ದಳು. ನನ್ನ ವಾರ ಮುಗಿದಿತ್ತು. ನಾನು ಬಾಗಿಲು ಮುಂದೆ ಮಾಡಿಕೊಂಡು ಕಾಲು ಚಾಚಿ ಕೂತೆ. ಕೂಸನ್ನು ಬೋರಲು ಹಾಕಿಕೊಂಡೆ. ಅದು ಕತ್ತೆತ್ತಿ ಬಾಗಿಲ ಕಡೆ ನೋಡಿ, ತುಟಿ ಸೊಟ್ಟ ಮಾಡಿತು.

ನನ್ನ ಸ್ವಂತದ ಮಾತು ಹುಡುಕಿದೆ. ಒಂದೂ ಬರಲಿಲ್ಲ. ಬಾಯಿಗೆ ಬಂದದ್ದು ಅವಳದೇ. ಅವಳ ಹಾಗೇ ಎಳೆದು, ಅವಳ ಹಾಗೇ ಮೂಗಿನಲ್ಲಿ ಸ್ವಲ್ಪ ರಾಗ ಸೇರಿಸಿ ಎಂದೆ: "ಯಾರ್ ಬಂದ್ರವ್ವಾ? ನೀರ್ ಬಂತು. ನೀರ್ ಯಾರಂತ? ಹಳ್ಳದ ಮಗಳಂತ."

ಕೂಸು ಅಳು ತಡೆಯಿತು. ತಲೆ ಹೊರಳಿಸಿ ನನ್ನ ಮುಖ ನೋಡಿತು, ಬಹಳ ಹೊತ್ತು, ಯಾವುದೋ ಲೆಕ್ಕ ತಾಳೆಯಾಗದವರ ಹಾಗೆ. ನಾನು ನಿಲ್ಲಿಸಲಿಲ್ಲ. ಚರಿಗೆಯಿಂದ ನೀರು ಬೆನ್ನ ಮೇಲೆ ಬಿಟ್ಟೆ. "ಎಲ್ಲಿಗ್ ಹೊಂಟಾಳಂತ? ನನ್ ಬಂಗಾರದ ಬೆನ್ ನೋಡಾಕ ಹೊಂಟಾಳಂತ." ಕೂಸಿನ ಮೈ ಸಡಿಲವಾಯಿತು. ಗಲ್ಲ ನನ್ನ ಮೊಣಕಾಲ ಮೇಲೆ ಇಳಿಯಿತು. ಅದರ ಪೂರಾ ಭಾರ ನನ್ನ ಕಾಲ ಮೇಲೆ ಬಂತು. ಅಷ್ಟು ದಿನ ಎತ್ತಿದ್ದೆನಲ್ಲ, ಆ ಭಾರ ನನಗೆ ಸಿಕ್ಕಿದ್ದು ಅವತ್ತೇ. ಅಯ್ಯೋ, ಅದನ್ನು ಹೇಗೆ ಹೇಳಲಿ. ಕಣ್ಣಿಂದ ನೀರು ಹೋಗಿ ಕೂಸಿನ ನೀರಿಗೇ ಸೇರಿತು.

"ಬೆನ್ನಾತು, ಹೊಟ್ಟಿ ಎಲ್ಲೈತಿ? ಹೊಟ್ಟಿ ಸಂತಿಗೆ ಹೋಗೈತಿ."

ಹೊರಗೆ ಸೊಸೆಯ ಚಪ್ಪಲಿ ಸದ್ದಾಯಿತು. "ಅತ್ತಿ, ನಾ ಬರ್ತೀನ್ರಿ" ಎಂದಳು. ಕೂಸನ್ನು ಕಳಿಸುವ ಮಾತು ಎತ್ತಲಿಲ್ಲ, ಗೇಟು ತೆಗೆದು ಹೋದಳು. ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಮನೆಯವರು ಬಚ್ಚಲ ಕಡೆ ತಿರುಗಿ ಜೋರಾಗಿ ಕೇಳಿದರು:

"ಲೇ, ಬೀಗತೇರು ನಿನ್ನೆ ಊರಿಗೆ ಹೋಗ್ಲಿಲ್ಲೇನು?"

ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಮಾತು ನಿಲ್ಲುತ್ತಿತ್ತು. ಕೂಸನ್ನು ಮೆಲ್ಲಗೆ ಅಂಗಾತ ತಿರುಗಿಸಿ, ಅಂಗೈ ಅಡ್ಡ ಹಿಡಿದು, "ಕರೀರಿ ಅದನ್ನ, ಕರೀರಿ" ಎಂದೆ.